ಗೋಡೆಯ ಬೂಷ್ಟು: ಪೇಂಟರ್, ಪ್ಲಂಬರ್, ಕಂಪನಿ, ಯಾರನ್ನು ಕರೆಯುವುದು?

ಹೋದ ವರ್ಷ ಪುಷ್ಯ ಮಳೆ ಹಿಡಿದಿತ್ತು. ಹಬ್ಬಕ್ಕೆ ಉಡೋಣವೆಂದು ಅಮ್ಮ ಬೀರುವಿನಿಂದ ರೇಷ್ಮೆ ಸೀರೆ ತೆಗೆದಳು. ಮಡಿಕೆಯ ಉದ್ದಕ್ಕೂ ಬೂದಿ ಬಣ್ಣದ ಚುಕ್ಕಿಗಳು. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ಎದೆಮಟ್ಟದವರೆಗೂ ಕಪ್ಪಾಗಿದೆ. ಮುಗ್ಗಿದ ಅಕ್ಕಿ ಮೂಟೆಯ ವಾಸನೆ.

ಸಾಗರದ ಕಡೆ ಮಳೆಗಾಲದ ಬೂಷ್ಟು ಯಾರಿಗೂ ಹೊಸದಲ್ಲ. ಚಪ್ಪಲಿಗೆ ಬರುತ್ತದೆ, ಬೆಲ್ಟಿಗೆ ಬರುತ್ತದೆ, ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಹಪ್ಪಳಕ್ಕೂ ಬರುತ್ತದೆ. ಆದರೆ ಈ ಗೋಡೆಗೆ ಮೂರು ವರ್ಷದಲ್ಲಿ ಎರಡು ಸಲ ಬಣ್ಣ ಹೊಡೆಸಿಯಾಗಿತ್ತು. ಮೂರನೇ ಸಲ ಸುಮ್ನೆ ದುಡ್ಡು ಸುರಿಯಲು ಮನಸ್ಸಾಗಲಿಲ್ಲ. ನಾಲ್ಕು ಕಡೆಯವರನ್ನು ಕರೆಸಿದೆ. ಒಂದೇ ಗೋಡೆ. ಪೇಂಟರ್ ಹೇಳಿದ್ದು 9,000 ರೂಪಾಯಿ. ಮನೆ ಕ್ಲೀನ್ ಮಾಡುವ ಸರ್ವೀಸಿನವರು 6,500. ವಾಟರ್‌ಪ್ರೂಫಿಂಗ್ ಕಂಪನಿಯ ಹುಡುಗ ತಾರಸಿಯನ್ನೂ ಸೇರಿಸಿ 1,15,000 ಅಂದ. ಊರಿನ ಪ್ಲಂಬರ್ ಮೊದಲ ದಿನ ರೇಟೇ ಹೇಳಲಿಲ್ಲ. ಗೋಡೆಗೆ ಅಂಗೈ ಇಟ್ಟು, "ಬೇಸಿಗೆಯಲ್ಲೂ ಹೀಗೇ ತಣ್ಣಗಿರುತ್ತಾ ಅಮ್ಮಾ?" ಅಂತ ಕೇಳಿದರು.

ನಾಲ್ವರಲ್ಲಿ ನೀರಿನ ಬಗ್ಗೆ ಕೇಳಿದ್ದು ಅವರೊಬ್ಬರೇ. ಉಳಿದವರು ಬೂಷ್ಟನ್ನು ನೋಡಿದರು, ಅಳೆದರು, ರೇಟು ಹೇಳಿದರು. ಈ ಬರಹದಲ್ಲಿ ನಾನು ಯಾರಿಗೆ ಎಷ್ಟು ಅಂಕ ಕೊಟ್ಟರೂ ಅಳತೆಗೋಲು ಅದೇ.

ಯಾರಿಗೂ ಫೋನ್ ಮಾಡುವ ಮೊದಲು

ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವನ್ನು ಮನೆಯಿಂದ ಪೂರ್ತಿ ಓಡಿಸಲು ಯಾರ ಕೈಯಲ್ಲೂ ಆಗದು. ಹಾಗೆ ಮಾಡುತ್ತೇನೆ ಅನ್ನುವವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ. ಆ ಕಣ ಬೇರು ಬಿಡಬೇಕಾದರೆ ತೇವ ಬೇಕು, ತಿನ್ನಲು ಏನಾದರೂ ಬೇಕು. ತಿಂಡಿಗೆ ಮನೆಯಲ್ಲಿ ಬರವಿಲ್ಲ. ಬಣ್ಣದ ಪದರ, ಪ್ಲೈವುಡ್, ಹಳೇ ಪುಸ್ತಕ, ಧೂಳು, ಎಲ್ಲವೂ ನಡೆಯುತ್ತದೆ. ನಮ್ಮ ಕೈಯಲ್ಲಿರುವುದು ತೇವ ಮಾತ್ರ. ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ.

ಮನೆಯೊಳಗೆ ತೇವ ಬರುವ ದಾರಿ ನಾಲ್ಕು. ಮೇಲಿನಿಂದ, ಅಂದರೆ ತಾರಸಿ, ಸಜ್ಜೆ, ಹೊರಗೋಡೆಯ ಬಿರುಕು. ಗೋಡೆಯೊಳಗಿನ ಪೈಪಿನಿಂದ. ಪಾಯದಿಂದ ಮೇಲಕ್ಕೆ. ನಾಲ್ಕನೆಯದು ಗಾಳಿಯಿಂದ: ಅಡುಗೆಯ ಹಬೆ, ಬಿಸಿನೀರಿನ ಸ್ನಾನ, ಮಳೆಗಾಲದಲ್ಲಿ ಮನೆಯೊಳಗೇ ಒಣಹಾಕಿದ ಬಟ್ಟೆ. ಇವುಗಳ ತೇವ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ. ನಾಲ್ಕಕ್ಕೂ ಮದ್ದು ಬೇರೆ, ಮದ್ದು ಕೊಡುವವರೂ ಬೇರೆ. ಇದು ಗೊತ್ತಿಲ್ಲದೆ ಕೊಟೇಶನ್ ತರಿಸಿದರೆ ನನಗಾದಂತೆ ನಾಲ್ಕು ಬೇರೆ ಬೇರೆ ರೋಗದ ಚೀಟಿ ಕೈಗೆ ಬರುತ್ತದೆ. ಹೋಲಿಸುವುದಾದರೂ ಹೇಗೆ?

ಒಂದು ವಾರ ಗೋಡೆಯನ್ನು ಗಮನಿಸಿ. ಮಳೆ ಜೋರಾದ ಮರುದಿನ ಕಲೆ ದೊಡ್ಡದಾಗಿ, ಬಿಸಿಲು ಬಿದ್ದಾಗ ಕಡಿಮೆಯಾದರೆ ನೀರು ಹೊರಗಿನದು. ಶಿವರಾತ್ರಿ ಕಳೆದ ಮೇಲೂ ಗೋಡೆ ತಣ್ಣಗೇ ಇದ್ದು, ಆಚೆ ಬದಿಗೆ ಬಚ್ಚಲೋ ಅಡುಗೆಮನೆಯೋ ಇದ್ದರೆ ಪೈಪಿನ ಮೇಲೆ ಅನುಮಾನ ಪಡಬೇಕು. ನೆಲದಿಂದ ಎರಡು ಮೂರು ಅಡಿ ಮಾತ್ರ ಬಣ್ಣ ಉಬ್ಬಿ, ಬಿಳಿ ಪುಡಿ ಉದುರುತ್ತಿದ್ದರೆ ಅದು ಪಾಯದಿಂದ ಏರಿದ ತೇವ. ಬೀರುವಿನ ಹಿಂದೆ, ಮಂಚದ ತಲೆಭಾಗದಲ್ಲಿ, ಕೋಣೆಯ ಮೂಲೆಯಲ್ಲಿ, ಬಚ್ಚಲಿನ ಸೂರಿನಲ್ಲಿ ಮಾತ್ರ ಚುಕ್ಕಿ ಚುಕ್ಕಿಯಾಗಿ ಬಂದರೆ ಹೆಚ್ಚಿನ ಸಲ ಗಾಳಿಯ ತೇವ.

ಆ ಬಿಳಿ ಪುಡಿಯ ಬಗ್ಗೆ ಒಂದು ಮಾತು. ಅದನ್ನೂ ಬೂಷ್ಟು ಅಂತ ತಿಳಿದು ಔಷಧಿ ಹೊಡೆಸುವವರಿದ್ದಾರೆ. ಅದು ಉಪ್ಪು. ಸ್ವಲ್ಪ ನೀರು ಚಿಮುಕಿಸಿ. ಉಪ್ಪಾದರೆ ಕರಗುತ್ತದೆ, ಬೂಷ್ಟಾದರೆ ಕರಗುವುದಿಲ್ಲ.

ಇನ್ನೊಂದು ಪರೀಕ್ಷೆಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸಾಕು. ಗೋಡೆಯನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಫಾಯಿಲನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಯ ಮೈಯಲ್ಲಿ ನೀರಿನ ಹನಿ ಇದ್ದರೆ ಗಾಳಿಯ ತೇವ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಇದು ಲ್ಯಾಬಿನ ವರದಿಯೇನಲ್ಲ. ಆದರೆ "ತಾರಸಿ ಪೂರ್ತಿ ಮಾಡಿಸಬೇಕು ಸರ್" ಅನ್ನುವವರ ಮುಂದೆ ನಿಂತು ಮಾತಾಡುವ ಧೈರ್ಯ ಕೊಡುತ್ತದೆ.

ಜಾಗ ಎಷ್ಟು ದೊಡ್ಡದು ಅಂತಲೂ ನೋಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹತ್ತು ಚದರಡಿಯ ಲೆಕ್ಕ ಇಟ್ಟಿದೆ. ಅಂದರೆ ಹೆಚ್ಚುಕಡಿಮೆ ಮೂರಡಿಗೆ ಮೂರಡಿ. ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಮನೆಯವರು ತಾವೇ ತೊಳೆದುಕೊಳ್ಳಬಹುದು ಅನ್ನುತ್ತದೆ ಆ ಸಂಸ್ಥೆ. ಸೋಪಿನ ನೀರು, ಬ್ರಷ್, ಎನ್95 ಮಾಸ್ಕ್, ಕೈಗವಸು, ತೆರೆದ ಕಿಟಕಿ. ಮನೆಯಲ್ಲಿ ಉಬ್ಬಸದವರಿದ್ದರೆ, ಅಥವಾ ಒಳಗೆ ಬಂದದ್ದು ಚರಂಡಿ ನೀರಾಗಿದ್ದರೆ ಈ ಲೆಕ್ಕ ಬಿಡಿ, ಬೇರೆಯವರಿಂದ ಮಾಡಿಸಿ.

ಪೇಂಟರ್

ಎಲ್ಲರೂ ಮೊದಲು ಕರೆಯುವುದು ಇವರನ್ನೇ. ಕಣ್ಣಿಗೆ ಕಾಣುವುದು ಬಣ್ಣ, ಅದಕ್ಕೇ ಇರಬೇಕು. ನಮ್ಮ ಪೇಂಟರ್ ಒಳ್ಳೆಯ ಕೆಲಸಗಾರರು. ಬಣ್ಣ ಹೊಡೆದ ಗೋಡೆಯ ಮೇಲೆ ಕೈಯಾಡಿಸಿದರೆ ಗಾಜಿನಂತಿರುತ್ತದೆ. ಆದರೆ ಅವರ ಲೆಕ್ಕ ಚದರಡಿಯದ್ದು. ಕೆರೆದು, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಮೇಲೆ ಬೂಷ್ಟು ತಡೆಯುವ ಬಣ್ಣ ಎರಡು ಕೋಟ್. ಆ ಬಣ್ಣದಲ್ಲಿ ಬೂಷ್ಟು ಬೆಳೆಯದಂತೆ ತಡೆಯುವ ರಾಸಾಯನಿಕ ಇರುವುದು ನಿಜ. ಆದರೆ ಗೋಡೆಯೊಳಗಿನಿಂದ ನೀರು ಬರುತ್ತಿದ್ದರೆ ಬಣ್ಣದ ಪದರವೇ ಕಳಚಿ ಬೀಳುತ್ತದೆ. ಪದರವೇ ಇಲ್ಲದ ಮೇಲೆ ಔಷಧಿ ಎಲ್ಲಿ ಉಳಿಯಿತು?

ಹಾಗಂತ ಪೇಂಟರ್ ಬೇಡ ಅಂತಲ್ಲ. ಗಾಳಿಯ ತೇವದಿಂದ ಬಂದ ಬೂಷ್ಟಿಗೆ, ಗಾಳಿಯಾಡಲು ದಾರಿ ಮಾಡಿದ ಮೇಲೆ, ಅವರೇ ಸಾಕು. ಸೋರಿಕೆ ನಿಂತ ಗೋಡೆಗೂ ಕೊನೆಗೆ ಬರಬೇಕಾದವರು ಅವರೇ. ಪ್ರಶ್ನೆ ಯಾವಾಗ ಬರಬೇಕು ಅನ್ನುವುದು. ಒದ್ದೆ ಗೋಡೆಗೆ "ನಾಳೆನೇ ಶುರು ಮಾಡೋಣ" ಅನ್ನುವ ಪೇಂಟರಿಗಿಂತ "ಇನ್ನೂ ಹಸಿ ಇದೆ, ಒಂದು ತಿಂಗಳು ಬಿಡಿ" ಅನ್ನುವವರನ್ನು ಹಿಡಿದುಕೊಳ್ಳಿ. ಕೆರೆಯುವಾಗ ಗೋಡೆಗೆ ನೀರು ಚಿಮುಕಿಸುತ್ತಾರಾ ಅಂತಲೂ ಕೇಳಿ. ಒಣಗೋಡೆಯನ್ನು ಕೆರೆದರೆ ಕಣಗಳೆಲ್ಲ ಹಾರಿ ಪಕ್ಕದ ಕೋಣೆಯ ಹಾಸಿಗೆ ಮೇಲೆ ಕೂರುತ್ತವೆ.

ಕ್ಲೀನಿಂಗ್ ಸರ್ವೀಸ್

ಆ್ಯಪಿನಲ್ಲಿ ಬುಕ್ ಮಾಡಿದರೆ ಮರುದಿನ ಬರುತ್ತಾರೆ. ಯೂನಿಫಾರ್ಮ್ ಇರುತ್ತದೆ, ಮಾಸ್ಕ್ ಇರುತ್ತದೆ, ಟೈಮಿಗೆ ಬರುತ್ತಾರೆ. ನಮ್ಮ ಮೇಸ್ತ್ರಿಗಳು ಕಲಿಯಬೇಕಾದ ಸಂಗತಿಗಳೇ ಇವು. ಇವರು ಮಾರುವುದು ಹೆಚ್ಚಾಗಿ ಔಷಧಿ ಸಿಂಪಡಣೆ, ಹೊಗೆಯಂತೆ ಬಿಡುವ ಫಾಗಿಂಗ್, ಕೆಲವು ಕಡೆ ಓಝೋನ್ ಯಂತ್ರ.

ಇಲ್ಲಿ ಒಂದು ಸಂಗತಿ ಗೊತ್ತಿರಬೇಕು. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ. ಸಾಯಿಸಿದರೆ ಸಾಲದು, ಉಜ್ಜಿ ತೆಗೆಯಬೇಕು. ಔಷಧಿ ಸಿಂಪಡಿಸಿ ಹಾಗೇ ಬಿಟ್ಟು ಹೋಗುವುದು ಅರ್ಧ ಕೆಲಸ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಬೂಷ್ಟಿಗೆಂದು ಅದನ್ನು ಬಳಸಲೇಬೇಡಿ. ಇವರು ತರುವ ವ್ಯಾಕ್ಯೂಮಿಗೆ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆಯಾ ಅಂತ ಕೇಳಿ. ಮಾಮೂಲಿ ವ್ಯಾಕ್ಯೂಮ್ ಮುಂದಿನಿಂದ ಎಳೆದುಕೊಂಡ ಕಣಗಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಇವರು ನಿಜವಾಗಿ ಬೇಕಾಗುವುದು ನೀರು ನುಗ್ಗಿ ಇಳಿದ ಮನೆಗೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಲೇಔಟ್‌ಗಳಲ್ಲಿ ಮನೆಯೊಳಗೆ ನೀರು ನಿಂತಿತ್ತಲ್ಲ, ಅಂಥ ಕಡೆ ನೀರು ಎಲ್ಲಿಂದ ಬಂತು ಅಂತ ಹುಡುಕುವ ಕೆಲಸವಿಲ್ಲ. ಬೇಗ ಖಾಲಿ ಮಾಡಬೇಕು, ತೊಳೆಯಬೇಕು, ಒಣಗಿಸಬೇಕು. ನಾಲ್ಕು ಜನ, ದೊಡ್ಡ ಫ್ಯಾನು, ತೇವ ಎಳೆಯುವ ಡೀಹ್ಯುಮಿಡಿಫೈಯರ್ ಇರುವ ತಂಡವೇ ಅಲ್ಲಿ ಸರಿ. ನೆನೆದ ಹತ್ತಿ ಹಾಸಿಗೆ, ಉಬ್ಬಿದ ಪ್ಲೈವುಡ್ ಉಳಿಸಿಕೊಡುತ್ತೇವೆ ಅಂದರೆ ನಂಬಬೇಡಿ. ಅವು ಎಸೆಯುವ ವಸ್ತುಗಳು.

ವಾಟರ್‌ಪ್ರೂಫಿಂಗ್ ಕಂಪನಿ

ಇವರ ಕೆಲಸ ಸರಿಯಾಗಿದ್ದರೆ ಹತ್ತು ಮಳೆಗಾಲ ನೆಮ್ಮದಿ. ತಪ್ಪಾದರೆ ಲಕ್ಷ ರೂಪಾಯಿ ನೀರಿಗೆ. ಹಾಗಾಗಿ ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲನೆಯದು, ಇವರಲ್ಲಿ ಹಲವರಿಗೆ ಎಲ್ಲ ಕಾಯಿಲೆಗೂ ತಾರಸಿಯೇ ಕಾರಣ. ನಮ್ಮ ಮನೆಗೆ ಬಂದ ಹುಡುಗ ಬೀರುವಿನ ಹಿಂದಿನ ಗೋಡೆಗೆ ಎರಡು ನಿಮಿಷ ಕೊಟ್ಟು, ತಾರಸಿ ಮೇಲೆ ಅರ್ಧ ಗಂಟೆ ಅಳತೆ ತೆಗೆದ. ಗೋಡೆಯ ಕಲೆ ನೆಲದಿಂದ ಮೇಲಕ್ಕೆ ಬಂದಿದೆ, ಸೂರು ಒಣಗಿದೆ ಅಂತ ನಾನು ತೋರಿಸಿದೆ. "ನೀರು ಹೇಗೆ ಬೇಕಾದರೂ ಓಡಾಡುತ್ತೆ ಸರ್" ಅಂದ. ಮಾತೇನೋ ಸುಳ್ಳಲ್ಲ. ಆದರೆ ಅದು ಓಡಾಡಿದ ದಾರಿ ತೋರಿಸುವ ಜವಾಬ್ದಾರಿ ದುಡ್ಡು ಕೇಳುವವನದ್ದು ಅಲ್ವಾ?

ತಾರಸಿಯ ಮೇಲೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ಮಳೆನೀರು ಹೋಗುವ ಪೈಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 24ರಿಂದ 48 ಗಂಟೆ ಬಿಟ್ಟು ಕೆಳಗೆ ನೋಡುವುದು. ಹಳೇ ತಾರಸಿಯಾದರೆ ಅಷ್ಟು ಭಾರ ತಡೆಯುತ್ತದಾ ಅಂತ ಮೊದಲು ಇಂಜಿನಿಯರನ್ನು ಕೇಳಿ. ಕೆಲಸಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಈ ಪರೀಕ್ಷೆ ಮಾಡುತ್ತೇವೆ ಅಂತ ಕೊಟೇಶನ್‌ನಲ್ಲಿ ಬರೆದುಕೊಡುವ ಕಂಪನಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬರೀ "ಎರಡು ಕೋಟ್ ಕೆಮಿಕಲ್" ಅಂತ ಬರೆದವರಿಗೆ ಕೊಡುವುದಿಲ್ಲ. ತಾರಸಿ ಮತ್ತು ಪ್ಯಾರಪೆಟ್ ಗೋಡೆ ಸೇರುವ ಮೂಲೆಗೆ ಗೋಲಾ (ಗಾರೆಯ ದುಂಡನೆಯ ಅಂಚು) ಮಾಡುತ್ತಾರಾ, ಪೈಪು ತೂರಿದ ಜಾಗಗಳಿಗೆ ಏನು ಮಾಡುತ್ತಾರೆ ಅಂತಲೂ ಕೇಳಿ. ತಾರಸಿಯ ನಟ್ಟನಡುವೆ ಸೋರುವುದು ಕಡಿಮೆ. ಸೋರುವುದು ಇಂಥ ಸಂದಿಗಳಲ್ಲೇ.

ಎರಡನೆಯದು ವಾರಂಟಿ. ಐದು ವರ್ಷ, ಹತ್ತು ವರ್ಷ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಯಾವುದಕ್ಕೆ ವಾರಂಟಿ ಅನ್ನುವುದು ಸಣ್ಣ ಅಕ್ಷರದಲ್ಲಿ. ಮಾಲಿಗೆ ಮಾತ್ರವಾ, ಕೂಲಿಗೂ ಇದೆಯಾ? ಕೊಡುವವರು ಬಣ್ಣದ ಕಂಪನಿಯಾ, ಗುತ್ತಿಗೆದಾರನಾ? ಪಿಡಿಲೈಟ್‌ (ಡಾ. ಫಿಕ್ಸಿಟ್), ಏಷ್ಯನ್ ಪೇಂಟ್ಸ್, ಬರ್ಜರ್ ಹೀಗೆ ದೊಡ್ಡ ಕಂಪನಿಗಳ ಮಾಲು ಬಳಸುತ್ತೇವೆ ಅನ್ನುವುದು ಒಂದು, ಆ ಕಂಪನಿಯೇ ಕೆಲಸಕ್ಕೆ ಹೊಣೆ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಹತ್ತಿರ ವಾರಂಟಿ ಕಾರ್ಡಿನ ಮಾದರಿ ಮೊದಲೇ ತರಿಸಿಕೊಂಡು ಓದಿ.

ಮೂರನೆಯದು, ಹೊರಗಿನಿಂದ ಬರುವ ನೀರನ್ನು ಒಳಗೋಡೆಗೆ ಕೋಟಿಂಗ್ ಹಚ್ಚಿ ತಡೆಯುವ ಸಲಹೆ. ಹೊರಗೆ ಕೈಹಾಕಲು ಜಾಗವೇ ಇಲ್ಲದಾಗ ಬೇರೆ ದಾರಿ ಇರುವುದಿಲ್ಲ, ಒಪ್ಪಿದೆ. ಆದರೆ ನೀರು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಏಳುತ್ತದೆ. ಹೊರಗಿನಿಂದ ಮಾಡಲು ಆಗುವುದಾದರೆ ಹೊರಗಿನಿಂದಲೇ ಮಾಡಿಸಿ.

ಪ್ಲಂಬರ್ ಮತ್ತು ಗಾರೆ ಮೇಸ್ತ್ರಿ

ಇವರು ಬೂಷ್ಟು ತೆಗೆಯುತ್ತೇವೆ ಅಂತ ಬೋರ್ಡ್ ಹಾಕಿಕೊಂಡಿರುವುದಿಲ್ಲ. ಆದರೆ ನಮ್ಮ ಗೋಡೆಯ ಗುಟ್ಟು ಬಯಲಾದದ್ದು ಇವರಿಂದ. ಬೇಸಿಗೆಯಲ್ಲೂ ಗೋಡೆ ತಣ್ಣಗಿರುತ್ತದೆ ಅಂತ ಅಮ್ಮ ಹೇಳಿದ್ದೇ, ಪ್ಲಂಬರ್ ಆಚೆ ಬದಿಯ ಬಚ್ಚಲಿಗೆ ಹೋಗಿ ನಿಂತರು. ರಾತ್ರಿ ಮಲಗುವ ಮುಂಚೆ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ನೋಡಿ ಅಂದರು. ಒಂದು ಬೆರಳಿನಷ್ಟು ಇಳಿದಿತ್ತು. ಮರುದಿನ ಬಚ್ಚಲಿನ ಗೇಟ್ ವಾಲ್ವ್ ಬಂದ್ ಮಾಡಿ ಅದೇ ಪರೀಕ್ಷೆ. ಇಳಿದಿರಲಿಲ್ಲ. ನಾಲ್ಕು ಟೈಲ್ಸ್ ಒಡೆದರು. 22 ವರ್ಷದ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ತಿರುವಿನ ಎಲ್ಬೋದಲ್ಲಿ ತುಕ್ಕು, ಸೂಜಿಮೊನೆಯಷ್ಟು ತೂತು.

ಪೇಟೆಯಲ್ಲಿ ನೀರಿನ ಮೀಟರ್ ಇರುವವರಿಗೆ ಇನ್ನೂ ಸುಲಭ. ನಲ್ಲಿ ಎಲ್ಲ ಮುಚ್ಚಿ, ಸಂಪಿಗೂ ಟ್ಯಾಂಕಿಗೂ ನೀರು ಬೀಳದಂತೆ ನೋಡಿಕೊಂಡು ಮೀಟರ್ ಗಮನಿಸಿ. ಆಗಲೂ ತಿರುಗಿದರೆ ಮೀಟರಿನಿಂದ ಈಚೆ ಎಲ್ಲೋ ಸೋರುತ್ತಿದೆ. ಆದರೆ ಸೋರಿಕೆ ಟ್ಯಾಂಕಿನಿಂದ ಕೆಳಗಿನ ಪೈಪಿನಲ್ಲಿದ್ದರೆ ಮೀಟರ್ ಹೇಳುವುದಿಲ್ಲ, ಅದಕ್ಕೆ ನಮ್ಮ ಟ್ಯಾಂಕಿನ ಗುರುತೇ ಬೇಕು. ಒಳ್ಳೆಯ ಪ್ಲಂಬರ್ ಹತ್ತಿರ ಪೈಪಿಗೆ ಒತ್ತಡ ಹಾಕಿ ನೋಡುವ ಕೈಪಂಪು ಇರುತ್ತದೆ. ಇದೆಯಾ ಅಂತ ಫೋನಿನಲ್ಲೇ ಕೇಳಿ. ಇಲ್ಲದವರು ಅಂದಾಜಿನ ಮೇಲೆ ಟೈಲ್ಸ್ ಒಡೆಯುತ್ತಾರೆ.

ಇವರ ಕೊರತೆಯೂ ಸಣ್ಣದಲ್ಲ. ಕಾಗದ ಪತ್ರ ಇಲ್ಲ. ಇಂದು ಬರುತ್ತೇನೆ ಅಂದವರು ಗುರುವಾರ ಬರುತ್ತಾರೆ, ಯಾವ ಗುರುವಾರ ಅಂತ ಹೇಳುವುದಿಲ್ಲ. ಕಪ್ಪು ಹಿಡಿದ ಗಿಲಾವನ್ನು ಮಾಸ್ಕ್ ಇಲ್ಲದೆ, ಬಾಗಿಲು ಮುಚ್ಚದೆ, ಫ್ಯಾನ್ ಹಾಕಿಕೊಂಡು ಒಡೆಯುತ್ತಾರೆ. ಬೇಡ ಅಂತ ನಾನೇ ಹೇಳಬೇಕಾಯಿತು. ಬಾಗಿಲಿಗೆ ಪ್ಲಾಸ್ಟಿಕ್ ಶೀಟ್ ಕಟ್ಟಿದ್ದು, ಫ್ಯಾನ್ ಆರಿಸಿದ್ದು, ಮಾಸ್ಕ್ ತಂದುಕೊಟ್ಟದ್ದು ನಾನು. ಒಡೆದ ಗಾರೆಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಸಾಗಿಸಿ ಅಂದಾಗ "ಇಷ್ಟೆಲ್ಲಾ ಯಾಕೆ ಸಾರ್" ಅಂತ ನಕ್ಕರು. ಅಮ್ಮನಿಗೆ ಉಬ್ಬಸ ಇದೆ ಅಂದ ಮೇಲೆ ನಗಲಿಲ್ಲ.

ಪರೀಕ್ಷೆ ಮಾಡುವ ಕಂಪನಿಗಳು

ಬೆಂಗಳೂರಿನಂಥ ಊರಲ್ಲಿ ಬೂಷ್ಟನ್ನೇ ಮುಖ್ಯ ಕೆಲಸ ಮಾಡಿಕೊಂಡವರೂ ಸಿಗುತ್ತಾರೆ. ತೇವ ಅಳೆಯುವ ಮೀಟರ್, ಥರ್ಮಲ್ ಕ್ಯಾಮೆರಾ ತರುತ್ತಾರೆ. ಮೀಟರ್ ನಿಜಕ್ಕೂ ಉಪಯೋಗದ ವಸ್ತು. ಕ್ಯಾಮೆರಾ ತೋರಿಸುವುದು ತಣ್ಣಗಿನ ಜಾಗವನ್ನು, ನೀರನ್ನಲ್ಲ. ಅದು ತೋರಿಸಿದ ನೀಲಿ ಕಲೆಯ ಮೇಲೆ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳುವವರು ಕೆಲಸ ಬಲ್ಲವರು.

ಗಾಳಿಯ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತೇವೆ ಅನ್ನುವುದಕ್ಕೆ ಮಾತ್ರ ಬೇಗ ಹೂಂ ಅನ್ನಬೇಡಿ. ಬೂಷ್ಟು ಕಣ್ಣಿಗೇ ಕಾಣುತ್ತಿದ್ದರೆ ಹೆಚ್ಚಿನ ಸಲ ಪರೀಕ್ಷೆಯ ಅಗತ್ಯವಿಲ್ಲ ಅಂತ ಇಪಿಎ ಕೂಡ ಹೇಳುತ್ತದೆ. ಗಾಳಿಯಲ್ಲಿ ಇಷ್ಟು ಕಣ ಇದ್ದರೆ ಸರಿ, ಇಷ್ಟಿದ್ದರೆ ತಪ್ಪು ಅನ್ನುವ ಸರ್ಕಾರಿ ಮಿತಿ ಅಮೆರಿಕದಲ್ಲೇ ಇಲ್ಲ. ಅಂಕಿ ಕೈಗೆ ಬಂದರೂ ಅದನ್ನು ಯಾವುದರ ಜೊತೆ ಹೋಲಿಸುತ್ತೀರಿ? ಯಾವ ಜಾತಿಯ ಬೂಷ್ಟಾದರೂ ಮದ್ದು ಒಂದೇ: ನೀರು ಬರುವುದನ್ನು ತಡೆದು, ಬೂಷ್ಟು ತೆಗೆದು, ಒಣಗಿಸುವುದು.

ಹೆದರಿಸಿ ಮಾರುವವರೂ ಇದ್ದಾರೆ. ಕಪ್ಪು ಬೂಷ್ಟು ಅಂದರೆ ವಿಷ, ಬ್ಲ್ಯಾಕ್ ಫಂಗಸ್ ಬರುತ್ತೆ ಅನ್ನುತ್ತಾರೆ. 2021ರಲ್ಲಿ ಕೋವಿಡ್ ಹೊತ್ತಿನಲ್ಲಿ ನಾವೆಲ್ಲ ಹೆದರಿದ ಬ್ಲ್ಯಾಕ್ ಫಂಗಸ್ ಬೇರೆ ಗುಂಪಿನ ಶಿಲೀಂಧ್ರದ ಕಾಯಿಲೆ. ಅದಕ್ಕೆ ಕಪ್ಪು ಅನ್ನುವ ಹೆಸರು ಬಂದದ್ದು ಸತ್ತ ಚರ್ಮದ ಬಣ್ಣದಿಂದ. ಗೋಡೆಯ ಮೇಲೆ ಕಪ್ಪಾಗಿ ಕಾಣುವ ಬೂಷ್ಟಿನಲ್ಲಿ ಹತ್ತಾರು ಬಗೆಯಿದೆ, ಬಣ್ಣ ನೋಡಿ ಯಾವುದು ಅಂತ ಹೇಳಲಾಗದು. ಬೂಷ್ಟಿನಿಂದ ಕೆಮ್ಮು, ಉಬ್ಬಸ, ಮೂಗು ಕಟ್ಟುವುದು ನಿಜ. ಅದಕ್ಕೇ ತೆಗೆಸಬೇಕು. ಹೆದರಿ ಅಲ್ಲ.

ನಮ್ಮಲ್ಲಿ ಬೂಷ್ಟು ತೆಗೆಯುವ ಕೆಲಸಕ್ಕೇ ಅಂತ ಲೈಸೆನ್ಸ್ ಇಲ್ಲ. "ಸರ್ಟಿಫೈಡ್" ಅಂದರೆ ಯಾರು ಕೊಟ್ಟ ಸರ್ಟಿಫಿಕೇಟ್ ಅಂತ ಕೇಳಿ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನೆಂಟರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. ಅಲ್ಲಿ 25 ಚದರಡಿ ಅಥವಾ ಅದಕ್ಕಿಂತ ದೊಡ್ಡ ಬೂಷ್ಟಿಗೆ ಲೈಸೆನ್ಸ್ ಇದ್ದವರೇ ಕೈಹಾಕಬೇಕು. ಪರೀಕ್ಷೆ ಮಾಡಿದವರೇ ಅದೇ ಮನೆಯ ಕೆಲಸವನ್ನೂ ಹಿಡಿಯುವಂತಿಲ್ಲ. ಆ ಎರಡನೇ ನಿಯಮವನ್ನು ನಾವೂ ಮನೆಮಟ್ಟಿಗೆ ಪಾಲಿಸಬಹುದು. ಕಾರಣ ಹುಡುಕಲು ಒಬ್ಬ ಇಂಜಿನಿಯರಿಗೋ ಪ್ಲಂಬರಿಗೋ ಬೇರೆ ಫೀಸು ಕೊಟ್ಟುಬಿಡಿ. ದೊಡ್ಡ ಕೆಲಸ ಬೇರೆಯವರಿಗೆ ಕೊಡಿ. ತಾರಸಿಯಲ್ಲಿ ದುಡ್ಡು ಮಾಡುವವರ ಕಣ್ಣಿಗೆ ತಾರಸಿಯೇ ಕಾಣುತ್ತದೆ.

ಕೊಟೇಶನ್ ಎದುರು ಬದುರು ಇಟ್ಟಾಗ

ಕೆಳಗಿನ ಮೊತ್ತ ಆಮೇಲೆ ನೋಡಿ. ಮೊದಲು, ನೀರು ಎಲ್ಲಿಂದ ಬರುತ್ತಿದೆ ಅಂತ ಒಂದು ಸಾಲಾದರೂ ಬರೆದಿದ್ದಾರಾ ನೋಡಿ. ಅದಿಲ್ಲದ ಕಾಗದವನ್ನು ಹೋಲಿಕೆಗೇ ತರಬೇಡಿ. ಆಮೇಲೆ ಜಾಗದ ಅಳತೆ. ಅವರು ಟೇಪ್ ಹಿಡಿದಾಗ ಇನ್ನೊಂದು ತುದಿ ನೀವು ಹಿಡಿಯಿರಿ. ನಮ್ಮ ಮನೆಯಲ್ಲಿ ಅದೇ ಗೋಡೆ ಒಬ್ಬರಿಗೆ 84 ಚದರಡಿ, ಇನ್ನೊಬ್ಬರಿಗೆ 120 ಆಗಿತ್ತು. ಗಿಲಾವು ಇಟ್ಟಿಗೆಯವರೆಗೂ ತೆಗೆಯುತ್ತಾರಾ, ಬರೀ ಪುಟ್ಟಿಯಾ? ಮಾಲಿನ ಹೆಸರು ಪೂರ್ತಿ ಇದೆಯಾ, "ಬ್ರ್ಯಾಂಡೆಡ್ ಕೆಮಿಕಲ್" ಅಂತ ಮಾತ್ರ ಇದೆಯಾ? ಒಣಗಲು ಎಷ್ಟು ದಿನ ಬಿಡುತ್ತಾರೆ? ಹೊಸ ಸಿಮೆಂಟ್ ಗಿಲಾವಿಗೆ ಬಣ್ಣ ಹೊಡೆಯುವ ಮೊದಲು ಸುಮಾರು 28 ದಿನ ಬಿಡಬೇಕು. ಎಲ್ಲ ಒಂದೇ ವಾರದಲ್ಲಿ ಮುಗಿಸಿಕೊಡುತ್ತೇವೆ ಅನ್ನುವುದು ಸಂತೋಷದ ಸುದ್ದಿಯಲ್ಲ.

ಹಿಂದೆ ಮಾಡಿದ ಕೆಲಸ ತೋರಿಸಿ ಅಂದರೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಹೊಸದಾಗಿ ಬಣ್ಣ ಹೊಡೆದ ಗೋಡೆ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಒಂದು ಮಳೆಗಾಲ ಕಳೆದ ಕೆಲಸದ ಮನೆಯವರ ನಂಬರ್ ಕೇಳಿ, ನೀವೇ ಮಾತಾಡಿ.

ದುಡ್ಡಿನ ವಿಷಯ. ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಕೊನೆಯ ಕಂತನ್ನು ನೀರು ನಿಲ್ಲಿಸಿ ನೋಡುವ ಪರೀಕ್ಷೆ ಪಾಸಾದ ಮೇಲೆ ಕೊಡಿ. "ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ" ಅನ್ನುವ ಮಾತು ಬಂದೇ ಬರುತ್ತದೆ. ನಾಳೆ ಮತ್ತೆ ಸೋರಿದರೆ ಗ್ರಾಹಕರ ಆಯೋಗಕ್ಕೆ ಹೋಗಲು ಆ ಬಿಲ್ಲೇ ಬೇಕು. 2019ರ ಗ್ರಾಹಕರ ರಕ್ಷಣಾ ಕಾಯಿದೆಯಲ್ಲಿ ದೂರಿಗೆ ಎರಡು ವರ್ಷದ ಅವಧಿ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಯಾವಾಗ ಮಾಡಿಸುವುದು ಅನ್ನುವುದೂ ಆಯ್ಕೆಯ ಭಾಗವೇ. ತಾರಸಿ, ಹೊರಗೋಡೆಯ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಆರಿದ್ರ ಮಳೆಯ ಹೊತ್ತಿಗೆ ಎಲ್ಲರಿಗೂ ಎಚ್ಚರವಾಗುತ್ತದೆ, ಆಗ ಒಳ್ಳೆಯವರು ಸಿಗುವುದಿಲ್ಲ, ಸಿಕ್ಕರೂ ಒದ್ದೆ ಮೈಗೆ ಕೋಟಿಂಗ್ ಕೂರುವುದಿಲ್ಲ. ಪೈಪಿನ ಕೆಲಸಕ್ಕೆ ಮಾತ್ರ ಕಾಲ ನೋಡಬೇಕಿಲ್ಲ.

ಫ್ಲ್ಯಾಟ್, ಬಾಡಿಗೆ ಮನೆ, ಹಳೇ ಮನೆ

ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯಿದೆಯಡಿ ನೋಂದಣಿಯಿರುವ ಹೊಸ ಫ್ಲ್ಯಾಟ್ ಆದರೆ ಗುತ್ತಿಗೆದಾರನನ್ನು ಹುಡುಕುವ ಮೊದಲು ಕೀ ಕೈಗೆ ಬಂದ ತಾರೀಕು ನೋಡಿ. ಐದು ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಬಿಲ್ಡರ್ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು ಅಂತ ಕಾಯಿದೆಯ 14(3)ನೇ ಕಲಂ ಹೇಳುತ್ತದೆ. ಫೋಟೋ ಸಮೇತ ಇಮೇಲ್ ಹಾಕಿ. ಅದಕ್ಕೆ ಮೊದಲೇ ನೀವು ಗೋಡೆ ಒಡೆಸಿದರೆ ಸಾಕ್ಷಿ ಹೋಯಿತು.

ಸೂರಿನ ಕಲೆ ಬಚ್ಚಲಿನ ಕೆಳಗೆ ಇದ್ದರೆ ಕೆಲಸ ಆಗಬೇಕಾದದ್ದು ಮೇಲಿನ ಮನೆಯಲ್ಲಿ. ಮೇಲಿನವರ ಬಚ್ಚಲಿನ ತೂತು ಮುಚ್ಚಿ, ಒಂದು ದಿನ ನೀರು ನಿಲ್ಲಿಸಿ, ಎರಡೂ ಮನೆಯವರು ಸೇರಿ ನೋಡಿದರೆ ಜಗಳ ಅರ್ಧ ಮುಗಿಯುತ್ತದೆ. ಬಾಡಿಗೆ ಮನೆಯವರು ಓನರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದು ತಿಳಿಸಿ, ಬರೀ ಬಾಯಲ್ಲಿ ಹೇಳಬೇಡಿ. ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ.

ಕರಾವಳಿಯ ಮುರಕಲ್ಲಿನ ಮನೆ, ಸುಣ್ಣದ ಗಾರೆಯ ಹಳೇ ಮನೆಗಳ ಕಥೆ ಬೇರೆ. ಆ ಗೋಡೆ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಅದಕ್ಕೆ ಸಿಮೆಂಟ್ ಗಿಲಾವು, ಮೇಲೆ ಪ್ಲಾಸ್ಟಿಕ್‌ನಂಥ ಬಣ್ಣ ಹೊಡೆದರೆ ಕುಡಿದ ನೀರು ಒಳಗೇ ಉಳಿಯುತ್ತದೆ. ಇಂಥ ಮನೆಗೆ ಸುಣ್ಣದ ಕೆಲಸ ಗೊತ್ತಿರುವ ಹಳೇ ಮೇಸ್ತ್ರಿಯನ್ನೇ ಹುಡುಕಿ. ಸಿಗುವುದು ಕಷ್ಟ, ಆದರೂ ಕಾಯಿರಿ.

ಯಾರೇ ಬಂದರೂ ಒಂದು ಎಚ್ಚರ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸುರಿಯಲು ಬಿಡಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಅಂದಹಾಗೆ ಬ್ಲೀಚ್ ಟೈಲ್ಸಿಗೆ ಸರಿ. ಗಾರೆಗೆ ಹೊಡೆದರೆ ಬಣ್ಣ ಬಿಳಿಯಾಗುತ್ತದೆ, ಒಳಗಿನದು ಹಾಗೇ ಇರುತ್ತದೆ.

ನಮ್ಮ ಗೋಡೆಗೆ ಕೊನೆಗೆ ಆದದ್ದು ಪ್ಲಂಬರ್ ಮತ್ತು ಮೇಸ್ತ್ರಿಗೆ 11,500, ಪೇಂಟರಿಗೆ 9,800. ಪೈಪು ಬದಲಾದದ್ದು ಸೆಪ್ಟೆಂಬರ್‌ನಲ್ಲಿ. ಗೋಡೆ ಒಣಗಲು ಡಿಸೆಂಬರ್ ದಾಟಿತು. ಸಂಕ್ರಾಂತಿ ಕಳೆದು ಅದೇ ಹಳೇ ಪೇಂಟರ್ ಬಂದರು, ಈ ಸಲ ಅವರೇ ಗೋಡೆಗೆ ಕೈಯಿಟ್ಟು ನೋಡಿ ಡಬ್ಬಿ ಬಿಚ್ಚಿದರು. ಈ ಮಳೆಗಾಲದಲ್ಲಿ ಬೀರುವಿನ ಹಿಂದೆ ಮತ್ತೆ ನಾಲ್ಕಾರು ಚುಕ್ಕಿ ಕಂಡವು. ನನಗೆ ಎದೆ ಧಸಕ್ಕೆಂದಿತು. ಫಾಯಿಲ್ ಅಂಟಿಸಿದೆ. ಹನಿ ಕೋಣೆಯ ಕಡೆಯಿತ್ತು. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಮುಂದೆ ತಂದು, ಒದ್ದೆ ಬಟ್ಟೆಯ ಹಗ್ಗವನ್ನು ಹಜಾರಕ್ಕೆ ಕಟ್ಟಿದೆವು. ಅದಕ್ಕೆ ಯಾರೂ ಕೊಟೇಶನ್ ಕೊಟ್ಟಿರಲಿಲ್ಲ. ಹಗ್ಗ ತಲೆಗೆ ತಾಗುತ್ತದೆ ಅಂತ ಅಮ್ಮ ಇನ್ನೂ ಗೊಣಗುತ್ತಾಳೆ.